ನಾಲ್ಕು ವರ್ಷದ ಪಾದಕ್ಕೆ ಕಮಾನು ಯಾಕಿಲ್ಲ?

ಪ್ರಶ್ನೆ: ನಾವು ಕುಮಟಾ ಹತ್ತಿರ ಇರುವವರು. ಮಗನಿಗೆ ನಾಲ್ಕು ವರ್ಷ ಎರಡು ತಿಂಗಳು. ಅವನ ಅಂಗಾಲು ಪೂರ್ತಿ ಚಪ್ಪಟೆ. ನಿಂತರೆ ಮಂಡಿಗಳೂ ಒಂದಕ್ಕೊಂದು ತಾಗುತ್ತವೆ. ಪೇಟೆಯ ಅಂಗಡಿಯಲ್ಲಿ ಒಳಗೆ ಉಬ್ಬು ಇರುವ ಸ್ಪೆಷಲ್ ಶೂ ತೋರಿಸಿ, ಈಗಲೇ ಹಾಕಿಸಿ, ಇಲ್ಲಾಂದ್ರೆ ಮುಂದೆ ಪೊಲೀಸ್, ಮಿಲಿಟರಿ ಯಾವುದಕ್ಕೂ ತಗೊಳ್ಳೋದಿಲ್ಲ ಅಂದರು. ನಮ್ಮ ಅತ್ತೆ, ಬರಿಗಾಲಲ್ಲಿ ಬಿಡು, ತನ್ನಿಂದ ತಾನೇ ಸರಿಯಾಗ್ತದೆ ಅನ್ನುತ್ತಾರೆ. ರಾತ್ರಿ ಕೆಲವೊಮ್ಮೆ ಕಾಲು ನೋವು ಅಂತ ಎದ್ದು ಅಳುತ್ತಾನೆ. ಜೂನ್‌ನಿಂದ ಶಾಲೆ, ಕಪ್ಪು ಶೂ ಕಡ್ಡಾಯ. ಚಿಕ್ಕವಳಿಗೆ ಹತ್ತು ತಿಂಗಳು, ಹಿಡಿದು ನಿಲ್ಲುತ್ತಾಳೆ. ಅವಳಿಗೆ ಈಗಿನಿಂದಲೇ ಶೂ ಹಾಕಿದರೆ ಈ ತೊಂದರೆ ತಪ್ಪುತ್ತದಾ? ವಾಕರ್ ತರಬಹುದಾ?

ಉತ್ತರ: ಆ ಸ್ಪೆಷಲ್ ಶೂ ಇನ್ನೂ ಕೊಂಡಿಲ್ಲ ಅಂದ್ರೆ ಕೊಳ್ಳಬೇಡಿ. ನೀವು ಬರೆದದ್ದನ್ನು ಓದಿದರೆ, ನಾಲ್ಕು ವರ್ಷದ ಪಾದ ಹೇಗಿರುತ್ತದೋ ನಿಮ್ಮ ಮಗನ ಪಾದ ಹಾಗೇ ಇದೆ ಅನ್ನಿಸುತ್ತದೆ. ಕಣ್ಣಾರೆ ನೋಡದೆ, ಕೈಯಲ್ಲಿ ಹಿಡಿದು ನೋಡದೆ ಕೊನೆಯ ಮಾತು ಹೇಳಲು ಆಗುವುದಿಲ್ಲ. ಆದರೆ ಮನೆಯಲ್ಲೇ ನೀವು ಮಾಡಿ ನೋಡಬಹುದಾದ ಒಂದು ಪರೀಕ್ಷೆ ಇದೆ, ಮುಂದೆ ಹೇಳುತ್ತೇನೆ. ಅದರಲ್ಲೇ ಮುಕ್ಕಾಲು ಉತ್ತರ ಸಿಗುತ್ತದೆ.

ನಾನು ಶಿರಸಿಯಲ್ಲಿ ಮಕ್ಕಳ ಫಿಸಿಯೋಥೆರಪಿ ಮಾಡುವವಳು. ಘಟ್ಟದ ಮೇಲಿನವರು, ಕೆಳಗಿನವರು ಇಬ್ಬರೂ ಬರುತ್ತಾರೆ. ಮೂರರಿಂದ ಆರು ವರ್ಷದ ಮಕ್ಕಳ ತಂದೆತಾಯಿ ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಆ ಮಕ್ಕಳಲ್ಲಿ ಬಹಳ ಜನರಿಗೆ ಚಿಕಿತ್ಸೆಯೇ ಬೇಕಾಗಿರುವುದಿಲ್ಲ. ಬೇಕಾಗಿರುವುದು ಪಾದ ಹೇಗೆ ಬೆಳೆಯುತ್ತದೆ ಅನ್ನುವ ತಿಳಿವಳಿಕೆ, ಅದೂ ಮಗುವಿಗಲ್ಲ, ನಮಗೆ.

ಹುಟ್ಟಿದ ಮಗುವಿಗೆ ಎಣ್ಣೆ ಹಚ್ಚುವಾಗ ಅದರ ಪಾದ ಹಿಡಿದಿದ್ದೀರಲ್ಲ. ಹೇಗೆ ಬೇಕಾದರೂ ಬಗ್ಗುತ್ತದೆ. ದೊಡ್ಡವರ ಒಂದು ಪಾದದಲ್ಲಿ 26 ಎಲುಬುಗಳಿವೆ. ಮಗುವಿನ ಪಾದದಲ್ಲೂ ಅಷ್ಟಕ್ಕೂ ಅಚ್ಚು ತಯಾರಿರುತ್ತದೆ, ಆದರೆ ಬಹುಪಾಲು ಮೆದು ಎಲುಬು. ನಿಮ್ಮ ಕಿವಿಯ ಮೇಲಂಚನ್ನು ಹಿಡಿದು ಮಡಚಿ ನೋಡಿ, ಸುಮಾರು ಹಾಗೆ. ಹಿಮ್ಮಡಿ ಎಲುಬು, ಅದರ ಮೇಲೆ ಕೂತಿರುವ ಗಿಣ್ಣಿನ ಎಲುಬು, ಬೆರಳಿನ ಕಡೆಯ ಉದ್ದ ಎಲುಬುಗಳ ನಡುಭಾಗ, ಇಂಥವು ಹುಟ್ಟುವ ಹೊತ್ತಿಗೆ ಗಟ್ಟಿಯಾಗಲು ಶುರುವಾಗಿರುತ್ತವೆ. ಉಳಿದವು ಒಂದೊಂದಾಗಿ, ವರ್ಷಗಟ್ಟಲೆ ಹೊತ್ತು ತೆಗೆದುಕೊಂಡು ಗಟ್ಟಿಯಾಗುತ್ತವೆ.

ಇದರಲ್ಲಿ ಎಲ್ಲಕ್ಕಿಂತ ಕೊನೆಗೆ ಗಟ್ಟಿಯಾಗಲು ಶುರುವಾಗುವ ಎಲುಬು ಯಾವುದು ಗೊತ್ತಾ? ಪಾದದ ಒಳಬದಿಯಲ್ಲಿ, ಕಮಾನಿನ, ಅಂದ್ರೆ ಅಂಗಾಲಿನ ಬಾಗಿನ, ನೆತ್ತಿಯಲ್ಲಿ ಕೂರುವ ಎಲುಬು. ಡಾಕ್ಟರುಗಳು ಅದನ್ನು ನ್ಯಾವಿಕ್ಯುಲರ್ ಅನ್ನುತ್ತಾರೆ, ಪುಟ್ಟ ದೋಣಿ ಅಂತ ಅರ್ಥ. ನೋಡಲೂ ದೋಣಿಯ ಹಾಗೇ ಇದೆ. ಅದರಲ್ಲಿ ಗಟ್ಟಿ ಎಲುಬು ಕಾಣಿಸಿಕೊಳ್ಳುವುದೇ ಸುಮಾರು ಮೂರನೇ ವರ್ಷಕ್ಕೆ, ಗಂಡುಮಕ್ಕಳಲ್ಲಿ ಇನ್ನೂ ಸ್ವಲ್ಪ ತಡ. ನಮ್ಮ ಕಡೆ ಚೀರೆಕಲ್ಲಲ್ಲಿ ಬಾಗಿಲಿಗೆ ಕಮಾನು ಕಟ್ಟುವುದನ್ನು ನೋಡಿದ್ದರೆ ಗೊತ್ತಿರುತ್ತದೆ, ನೆತ್ತಿಯ ಕಲ್ಲು ಕೂರುವವರೆಗೆ ಕಮಾನು ತನ್ನ ಭಾರ ತಾನು ಹೊರುವುದಿಲ್ಲ. ನಿಮ್ಮ ಮಗನ ಪಾದದಲ್ಲಿ ಆ ನೆತ್ತಿಯ ಕಲ್ಲು ಈಗಷ್ಟೇ ಗಟ್ಟಿಯಾಗತೊಡಗಿದೆ. ಅವನ ಅಂಗಾಲಲ್ಲಿ ದೊಡ್ಡವರ ಕಮಾನು ಹುಡುಕುವುದು ಸರಿಯಲ್ಲ.

ಇದರ ಜೊತೆ ಇನ್ನೆರಡು ಕಾರಣ ಇವೆ. ಚಿಕ್ಕ ಮಕ್ಕಳ ಅಂಗಾಲಿನ ಒಳಬದಿಯಲ್ಲಿ ಕೊಬ್ಬಿನ ಮೆತ್ತೆ ಇರುತ್ತದೆ. ಹಾಗಾಗಿ ಒಳಗೆ ಸ್ವಲ್ಪ ಕಮಾನು ಇದ್ದರೂ ಹೊರಗೆ ಕಾಣುವುದಿಲ್ಲ. ಇನ್ನೊಂದು, ಈ ವಯಸ್ಸಲ್ಲಿ ಎಲುಬಿಗೆ ಎಲುಬು ಕಟ್ಟುವ ಲಿಗಮೆಂಟುಗಳು ತುಂಬ ಸಡಿಲ. ನಿಂತು ಮೈಭಾರ ಬಿಟ್ಟರೆ ಪಾದ ಒಳಕ್ಕೆ ಕುಸಿಯುತ್ತದೆ. ಕೂತು ಕಾಲು ಇಳಿಬಿಟ್ಟರೆ ಅದೇ ಪಾದದಲ್ಲಿ ಸಣ್ಣ ಬಾಗು ಕಾಣುತ್ತದೆ. ಇವತ್ತು ಸ್ನಾನ ಮಾಡಿಸುವಾಗ ನೋಡಿ.

ಎಷ್ಟು ಮಕ್ಕಳಿಗೆ ಹೀಗೆ ಇರುತ್ತದೆ? ಆಸ್ಟ್ರಿಯಾದಲ್ಲಿ ಮೂರರಿಂದ ಆರು ವರ್ಷದ 835 ಮಕ್ಕಳನ್ನು ನೋಡಿದ ಒಂದು ಅಧ್ಯಯನ 2006ರಲ್ಲಿ ಬಂತು. ಮೂರು ವರ್ಷದವರಲ್ಲಿ ಶೇ. 54ರಷ್ಟು ಮಕ್ಕಳಿಗೆ ಚಪ್ಪಟೆ ಪಾದ. ಆರು ವರ್ಷದವರಲ್ಲಿ ಅದು ಶೇ. 24. ಮೂರು ವರ್ಷದ ಅಂತರದಲ್ಲಿ ಅರ್ಧಕ್ಕಿಂತ ಕಡಿಮೆಗೆ ಇಳಿದಿದೆ. ಕಮಾನು ಪೂರ್ತಿ ಮೂಡಲು ಎಂಟು, ಹತ್ತು ವರ್ಷ ತೆಗೆದುಕೊಳ್ಳುವ ಮಕ್ಕಳೂ ಇದ್ದಾರೆ. ದೊಡ್ಡವರಲ್ಲೂ ಹತ್ತಾರು ಜನಕ್ಕೆ ಒಬ್ಬರಂತೆ ಚಪ್ಪಟೆ ಪಾದ ಇಟ್ಟುಕೊಂಡೇ ಗದ್ದೆ ಉಳುವವರು, ಬಲೆ ಎಳೆಯುವವರು ಇದ್ದಾರೆ, ನೋವಿಲ್ಲದೆ. ಪೊಲೀಸ್, ಮಿಲಿಟರಿ ಮಾತು ಬಿಡಿ. ಹದಿನೆಂಟರ ಪಾದವನ್ನು ನಾಲ್ಕರಲ್ಲಿ ನೋಡಿ ಹೇಳಲು ಯಾರಿಂದಲೂ ಬರುವುದಿಲ್ಲ. ಚಿಕ್ಕ ಮಗುವಿನ ತಾಯಿಗೆ ಹಾಗೆ ಹೆದರಿಸಿ ಶೂ ಮಾರುವುದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ.

ಈಗ ಆ ಪರೀಕ್ಷೆ. ಮಗನನ್ನು ಬರಿಗಾಲಲ್ಲಿ ಜಗಲಿ ಮೇಲೆ ನಿಲ್ಲಿಸಿ, ಚಡ್ಡಿ ಮಂಡಿಯ ಮೇಲೆ ಇರಲಿ. ನೀವು ಅವನ ಬೆನ್ನ ಹಿಂದೆ ನೆಲದ ಮೇಲೇ ಕೂತುಕೊಳ್ಳಿ, ಕಣ್ಣು ಅವನ ಹಿಮ್ಮಡಿಯ ಮಟ್ಟಕ್ಕೆ ಬರಬೇಕು. ಅತ್ತೆಯವರು ಎದುರಿಗೆ ನಿಂತು ಅವನ ಕೈಗೆ ಸಿಕ್ಕೂ ಸಿಗದ ಹಾಗೆ ಏನಾದರೂ ಹಿಡಿಯಲಿ. ನನ್ನ ಕೋಣೆಯಲ್ಲಿ ನಾನು ಬಲೂನು ಇಟ್ಟುಕೊಂಡಿರುತ್ತೇನೆ, ಮನೆಯಲ್ಲಿ ಬೆಲ್ಲದ ಚೂರಾದರೂ ಸರಿ. ಹಿಡಿಯಲು ಹೋದಾಗ ಅವನು ತುದಿಗಾಲಲ್ಲಿ ಏಳುತ್ತಾನೆ. ಆಗ ಎರಡು ಸಂಗತಿ ನೋಡಿ. ಚಪ್ಪಟೆ ನಿಂತಾಗ ಹೊರಕ್ಕೆ ವಾಲಿದ್ದ ಹಿಮ್ಮಡಿ ಒಳಕ್ಕೆ ತಿರುಗಿ ನೆಟ್ಟಗಾಗುತ್ತದಾ? ಅಂಗಾಲಿನ ಒಳಬದಿಯಲ್ಲಿ ಬಾಗು ಏಳುತ್ತದಾ?

ಎರಡೂ ಆದರೆ ಆ ಪಾದ ಮೆದು ಚಪ್ಪಟೆ ಪಾದ. ಅಂದ್ರೆ ಕಮಾನು ಇದೆ, ನಿಂತಾಗ ಮಲಗುತ್ತದೆ, ಬೇಕಾದಾಗ ಏಳುತ್ತದೆ. ಹೋದ ಮಳೆಗಾಲದಲ್ಲಿ ಅಂಕೋಲೆ ಕಡೆಯಿಂದ ಐದು ವರ್ಷದ ಒಬ್ಬಳನ್ನು ಕರೆತಂದಿದ್ದರು. ಒದ್ದೆ ಕಾಲಲ್ಲಿ ಒಳಗೆ ಬಂದಳು, ನೆಲದ ಮೇಲೆ ಮೂಡಿದ ಹೆಜ್ಜೆ ರೊಟ್ಟಿಯ ಹಾಗೆ ಅಗಲ, ನಡುವೆ ಬಾಗು ಅನ್ನುವುದೇ ಇಲ್ಲ. ಅವಳ ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ. ಬಲೂನು ಎತ್ತಿ ಹಿಡಿದೆ. ಅವಳು ತುದಿಗಾಲಲ್ಲಿ ಎದ್ದಳು. ಹಿಮ್ಮಡಿಯ ಮೇಲಿನ ಸ್ನಾಯುವಿನ ಹುರಿ ಬಿಗಿಯಿತು, ಅಂಗಾಲಿನ ಒಳಗೆ ಬಟ್ಟಲಿನಂಥ ಬಾಗು ಮೂಡಿತು, ಕೆಳಗಿಳಿದಾಗ ಮಾಯವಾಯಿತು. ಅಪ್ಪನಿಗೆ ಹಿಂದೆ ಕೂತು ನೋಡಲು ಹೇಳಿದೆ. ಮೂರು ಸಲ ಮಾಡಿಸಿದೆವು. ಮೂರನೇ ಸಲ ಅವರೇ, ಇಗೋ ಬಂತು, ಇಗೋ ಹೋಯ್ತು, ಅಂತ ಮಗಳಿಗೆ ಹೇಳುತ್ತಿದ್ದರು. ಔಷಧಿ, ಶೂ ಯಾವುದನ್ನೂ ಬರೆದುಕೊಡಲಿಲ್ಲ.

ಹೀಗೆ ಯಾಕೆ ಆಗುತ್ತದೆ ಅಂದರೆ, ಹಿಮ್ಮಡಿಯಿಂದ ಬೆರಳ ಬುಡದವರೆಗೆ ಅಂಗಾಲಿನಲ್ಲಿ ಗಟ್ಟಿ ನಾರಿನ ಪಟ್ಟಿ ಹಾದುಹೋಗಿದೆ. ಹೆಬ್ಬೆರಳು ಮೇಲಕ್ಕೆ ಮಡಚಿದಾಗ ಆ ಪಟ್ಟಿ ಸುತ್ತಿಕೊಂಡು ಬಿಗಿಯಾಗುತ್ತದೆ, ಕಮಾನು ಎದ್ದು ನಿಲ್ಲುತ್ತದೆ. ಬಾವಿಯ ರಾಟೆಗೆ ಹಗ್ಗ ಬಿಗಿದ ಹಾಗೆ ಅಂದುಕೊಳ್ಳಿ. ಇದನ್ನು 1954ರಲ್ಲಿ ಜೆ. ಎಚ್. ಹಿಕ್ಸ್ ಅನ್ನುವವರು ವಿವರಿಸಿದರು. ನಡೆಯುವ ಪ್ರತಿ ಹೆಜ್ಜೆಯ ಕೊನೆಯಲ್ಲೂ, ಹಿಮ್ಮಡಿ ಎತ್ತಿ ಬೆರಳಿಂದ ನೆಲ ತಳ್ಳುವಾಗ, ಇದೇ ನಡೆಯುತ್ತದೆ. ಮೆದು ಪಾದ ಆ ಕ್ಷಣ ಗಟ್ಟಿ ಸನ್ನೆಕೋಲಾಗುತ್ತದೆ. ಬೆರಳು ಮಡಚಲು ಬಿಡದ ದಪ್ಪ ತಳದ ಶೂ ಹಾಕಿದರೆ ಈ ಕೆಲಸಕ್ಕೆ ಅಡ್ಡಿ. ಶೂ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಂಡಿ ತಾಗುವುದಕ್ಕೂ ಒಂದು ವಯಸ್ಸಿದೆ. ಹುಟ್ಟಿದ ಮಕ್ಕಳ ಕಾಲು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿರುತ್ತದೆ. ಸುಮಾರು ಎರಡು ವರ್ಷಕ್ಕೆ ನೆಟ್ಟಗಾಗುತ್ತದೆ. ಅಲ್ಲಿಗೇ ನಿಲ್ಲುವುದಿಲ್ಲ, ಇನ್ನೊಂದು ಕಡೆಗೆ ವಾಲಿ ಮೂರು, ನಾಲ್ಕು ವರ್ಷಕ್ಕೆ ಮಂಡಿ ಕೂಡುತ್ತದೆ. ಆಮೇಲೆ ನಿಧಾನಕ್ಕೆ ಏಳೆಂಟು ವರ್ಷದ ಹೊತ್ತಿಗೆ ದೊಡ್ಡವರ ಕಾಲಿನ ಹಾಗಾಗುತ್ತದೆ. ನಿಮ್ಮ ಮಗ ಈಗ ಮಂಡಿ ಅತಿ ಹೆಚ್ಚು ಕೂಡುವ ವಯಸ್ಸಲ್ಲೇ ಇದ್ದಾನೆ. ಮಂಡಿ ಒಳಕ್ಕೆ ಬಂದಾಗ ಭಾರ ಪಾದದ ಒಳಬದಿಗೆ ಬೀಳುತ್ತದೆ, ಪಾದ ಇನ್ನಷ್ಟು ಚಪ್ಪಟೆ ಕಾಣುತ್ತದೆ. ಎರಡೂ ಕಾಲು ಒಂದೇ ಥರ ಇದ್ದರೆ ಸುಮ್ನೆ ನೋಡುತ್ತಾ ಇರಿ.

ರಾತ್ರಿ ನೋವಿನ ಬಗ್ಗೆ. ಮೂರರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಇದು ತುಂಬ ಸಾಮಾನ್ಯ. ಬೆಳೆಯುವ ನೋವು ಅನ್ನುತ್ತೇವೆ, ಹೆಸರು ಹಾಗಿದ್ದರೂ ಎಲುಬು ಬೆಳೆಯುವುದರಿಂದಲೇ ನೋವು ಅಂತ ಹೇಳಲು ಆಧಾರ ಇಲ್ಲ. ಅದರ ಚಹರೆ ಮಾತ್ರ ಸ್ಪಷ್ಟ. ಸಂಜೆ ಅಥವಾ ರಾತ್ರಿ ಬರುತ್ತದೆ. ಎರಡೂ ಕಾಲಿಗೆ, ಮೀನಖಂಡ, ತೊಡೆ, ಮಂಡಿಯ ಹಿಂದೆ. ಉಜ್ಜಿದರೆ ಹಾಯೆನಿಸುತ್ತದೆ. ಬೆಳಿಗ್ಗೆ ಎದ್ದು ಏನೂ ಆಗದವರ ಹಾಗೆ ಓಡುತ್ತಾರೆ. ಬೆಚ್ಚಗಿನ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ, ಬಿಸಿನೀರ ಬಟ್ಟೆಯ ಶಾಖ ಕೊಡಿ, ಸಾಕು. ಆದರೆ ನೋವು ಯಾವಾಗಲೂ ಒಂದೇ ಕಾಲಿಗೆ, ಒಂದೇ ಜಾಗಕ್ಕೆ ಬಂದರೆ, ಬೆಳಿಗ್ಗೆಯೂ ಕುಂಟಿದರೆ, ಕೀಲು ಊದಿದರೆ, ಜ್ವರ ಇದ್ದರೆ ಅದು ಬೇರೆ. ಆಗ ಕಾಯಬೇಡಿ, ಡಾಕ್ಟರಿಗೆ ತೋರಿಸಿ.

ಇನ್ನು ನಿಮ್ಮ ಅತ್ತೆಯವರ ಮಾತು. ಅವರ ಮಾತಿಗೆ ನಮ್ಮ ಕರಾವಳಿಯಲ್ಲೇ ಆಧಾರ ಇದೆ. ಮಣಿಪಾಲದ ಯು. ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ ಅನ್ನುವ ವೈದ್ಯರು ನಾಲ್ಕರಿಂದ ಹದಿಮೂರು ವರ್ಷದ 2300 ಮಕ್ಕಳ ಹೆಜ್ಜೆಗುರುತು ತೆಗೆದು ನೋಡಿ 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ. 8.6, ಬರಿಗಾಲಲ್ಲಿ ಓಡಾಡುವ ಮಕ್ಕಳಲ್ಲಿ ಶೇ. 2.8. ಅದರಲ್ಲೂ ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಜಾಸ್ತಿ, ಚಪ್ಪಲಿ, ಸ್ಯಾಂಡಲ್ ಹಾಕುವವರಲ್ಲಿ ಅದಕ್ಕಿಂತ ಕಡಿಮೆ. ಚಿಕ್ಕಂದಿನಲ್ಲಿ ಮುಚ್ಚಿದ ಶೂ ಹಾಕಿಸುವುದು ಕಮಾನು ಮೂಡಲು ಒಳ್ಳೆಯದಲ್ಲ ಅನ್ನುವುದು ಅವರ ಅಭಿಪ್ರಾಯ. ಜಗತ್ತಿನ ಎಲ್ಲ ಕಡೆ ಪಾದದ ವೈದ್ಯರು ಇವತ್ತಿಗೂ ಈ ಕೆಲಸವನ್ನು ನೆನೆಯುತ್ತಾರೆ.

ಬರಿಗಾಲು ಮಾಡುವುದೇನು? ಪಾದದೊಳಗೆ ನಾಲ್ಕು ಪದರದಲ್ಲಿ ಸಣ್ಣ ಸಣ್ಣ ಸ್ನಾಯುಗಳಿವೆ. ಮೀನಖಂಡದಿಂದ ಇಳಿದು ಬಂದು ಕಮಾನನ್ನು ಒಳಗಿಂದ ಎತ್ತಿ ಹಿಡಿಯುವ ಉದ್ದ ಸ್ನಾಯುಗಳೂ ಇವೆ. ನೆಲ ಒಂದೇ ಸಮ ಇದ್ದರೆ ಇವುಗಳಿಗೆ ಕೆಲಸ ಕಡಿಮೆ. ಮನೆಯ ಟೈಲ್ಸ್ ಮೇಲೆ ಬರಿಗಾಲಲ್ಲಿ ಓಡಾಡುವುದು ಒಳ್ಳೆಯದೇ, ಆದರೆ ಅಲ್ಲಿ ಪಾದಕ್ಕೆ ಕಲಿಯಲು ಜಾಸ್ತಿ ಏನಿಲ್ಲ. ಅಂಗಳದ ಮಣ್ಣು, ಹುಲ್ಲು, ಕಲ್ಲಿನ ಮೆಟ್ಟಿಲು, ಬೇರು, ಗದ್ದೆಯ ಬದು, ಇಂಥ ಕಡೆ ನಡೆಯುವಾಗ ಬೆರಳು ನೆಲ ಹಿಡಿಯುತ್ತದೆ, ಗಿಣ್ಣು ಆ ಕಡೆ ಈ ಕಡೆ ವಾಲಿ ಮತ್ತೆ ನೆಟ್ಟಗಾಗುತ್ತದೆ. ಅಂಗಾಲಿನ ಚರ್ಮದಲ್ಲಿ ಸ್ಪರ್ಶ ತಿಳಿಯುವ ನರದ ತುದಿಗಳು ದಟ್ಟವಾಗಿವೆ, ಅವು ಪ್ರತಿ ಹೆಜ್ಜೆಗೂ ಸುದ್ದಿ ಕಳಿಸುತ್ತವೆ.

ನಿಮಗೆ ಸಮುದ್ರ ಹತ್ತಿರವಲ್ವಾ. ಇದಕ್ಕಿಂತ ಒಳ್ಳೆ ವ್ಯಾಯಾಮಶಾಲೆ ಬೇರೆ ಇಲ್ಲ. ಮಗನನ್ನು ವಾರಕ್ಕೆರಡು ಸಲ ಬೀಚಿಗೆ ಕರೆದುಕೊಂಡು ಹೋಗಿ. ಮೊದಲು ಅಲೆ ಬಂದು ಹೋದ ಗಟ್ಟಿ ಮರಳಲ್ಲಿ ಓಡಲಿ, ಅವನ ಹೆಜ್ಜೆ ಅವನೇ ತಿರುಗಿ ನೋಡಲಿ. ಆಮೇಲೆ ಮೇಲಿನ ಒಣ ಮರಳಲ್ಲಿ. ಒಣ ಮರಳಲ್ಲಿ ಹಿಮ್ಮಡಿ ಹುಗಿಯುತ್ತದೆ, ಪ್ರತಿ ಹೆಜ್ಜೆಯನ್ನೂ ಬೆರಳಿಂದ ತಳ್ಳಿ ಎತ್ತಬೇಕು, ಹತ್ತು ನಿಮಿಷಕ್ಕೆ ಮೀನಖಂಡ ದಣಿಯುತ್ತದೆ. ಬೆರಳಿಂದ ಮರಳು ತೋಡಿ ಗುಂಡಿ ಮಾಡಲು ಹೇಳಿ, ಬೆರಳಿಂದ ಚಿಪ್ಪು ಹೆಕ್ಕಲು ಹೇಳಿ. ಇದನ್ನೇ ನಾವು ಕ್ಲಿನಿಕ್ಕಿನಲ್ಲಿ ಟವೆಲ್ ಹಾಸಿ, ಗೋಲಿ ಇಟ್ಟು ಮಾಡಿಸುವುದು. ನಾಲ್ಕು ವರ್ಷದ ಮಗುವಿಗೆ ದಿನಾ ಇಷ್ಟು ಸಲ ಮಾಡು ಅಂತ ಲೆಕ್ಕ ಕೊಟ್ಟರೆ ಎರಡನೇ ದಿನ ಬೇಡ ಅನ್ನುತ್ತದೆ, ಮರಳಲ್ಲಿ ಆಡು ಅಂದರೆ ಕತ್ತಲಾದರೂ ಎದ್ದು ಬರುವುದಿಲ್ಲ. ಸತ್ತ ಜೆಲ್ಲಿಮೀನು ಬಿದ್ದಿದ್ದರೆ ಮುಟ್ಟದ ಹಾಗೆ ನೋಡಿಕೊಳ್ಳಿ, ಮೀನು ಬಲೆ ಬಿಡಿಸುವ ಜಾಗದಲ್ಲಿ ಮುಳ್ಳು, ಗಾಳದ ಚೂರು ಇರುತ್ತದೆ, ಅಲ್ಲಿ ಬೇಡ.

ಮನೆಯಲ್ಲಿ ಕುಕ್ಕರಗಾಲಲ್ಲಿ ಕೂರುವ ಅಭ್ಯಾಸ ತಪ್ಪಿಸಬೇಡಿ, ಹಿಮ್ಮಡಿಯ ಹಿಂದಿನ ಸ್ನಾಯುವಿನ ಹುರಿ ಬಿಗಿಯಾಗದೆ ಉಳಿಯುತ್ತದೆ. ಕುಂಟಾಬಿಲ್ಲೆ ತುಂಬ ಒಳ್ಳೆಯ ಆಟ. ಒಂಟಿಕಾಲಲ್ಲಿ ಕುಪ್ಪಳಿಸುವುದು ಮಕ್ಕಳಿಗೆ ಸುಮಾರು ನಾಲ್ಕು ವರ್ಷಕ್ಕೆ ಬರುತ್ತದೆ, ಐದಕ್ಕೆ ಚೆನ್ನಾಗಿ ಬರುತ್ತದೆ. ಈಗ ನಾಲ್ಕೈದು ಕುಪ್ಪಳಿಸಿ ಕಾಲು ಇಳಿಸಿದರೆ ಬೇಸರ ಬೇಡ.

ಮಳೆಗಾಲದಲ್ಲಿ ಮಾತ್ರ ಬರಿಗಾಲಿಗೆ ನಾನೇ ಮಿತಿ ಹಾಕುತ್ತೇನೆ. ನಮ್ಮ ಜಿಲ್ಲೆಯಲ್ಲಿ ಇಲಿಜ್ವರ ಇದೆ. ಇಲಿ, ದನದ ಮೂತ್ರ ಸೇರಿದ ನಿಂತ ನೀರು, ಕೆಸರಿನಿಂದ ಕಾಲಿನ ಸಣ್ಣ ಗಾಯದ ಮೂಲಕವೂ ರೋಗಾಣು ಒಳಗೆ ಹೋಗುತ್ತದೆ. ಕೊಕ್ಕೆಹುಳು ಹೊಲಸಾದ ಒದ್ದೆ ಮಣ್ಣಿಂದ ಅಂಗಾಲಿನ ಚರ್ಮ ಕೊರೆದೇ ಒಳಸೇರುತ್ತದೆ, ರಕ್ತ ಹೀರಿ ಮಗುವನ್ನು ಬಿಳುಚಿಸುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆ, ಗದ್ದೆ, ಅಡಿಕೆ ತೋಟದ ಕಾಲುವೆ ಕಡೆ ಹೋಗುವಾಗ ಚಪ್ಪಲಿಯೋ ಗಮ್‌ಬೂಟೋ ಇರಲಿ, ಮನೆ, ಜಗಲಿ ಮೇಲೆ ಬರಿಗಾಲು. ಕತ್ತಲಾದ ಮೇಲೆ ಅಂಗಳಕ್ಕೆ ಬರಿಗಾಲು ಬೇಡವೇ ಬೇಡ, ಹಾವಿನ ಭಯ. ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಹುಳದ ಮಾತ್ರೆ ತಪ್ಪಿಸಬೇಡಿ. ಐದು ವರ್ಷಕ್ಕೆ ಹಾಕಿಸುವ ಡಿಪಿಟಿ ಬೂಸ್ಟರ್ ನೆನಪಿರಲಿ, ಧನುರ್ವಾಯುವಿಗೆ ಅದೇ ಕಾವಲು.

ಆ ಸ್ಪೆಷಲ್ ಶೂ ಯಾಕೆ ಬೇಡ ಅಂದೆ ಅಂತ ಹೇಳಬೇಕಲ್ಲ. ಅಮೆರಿಕದಲ್ಲಿ ಡೆನಿಸ್ ವೆಂಗರ್ ಮತ್ತು ಜೊತೆಯ ವೈದ್ಯರು ಒಂದರಿಂದ ಆರು ವರ್ಷದ, ಮೆದು ಚಪ್ಪಟೆ ಪಾದದ ಮಕ್ಕಳನ್ನು ಗುಂಪು ಮಾಡಿ, ಕೆಲವರಿಗೆ ತಿದ್ದುವ ಶೂ, ಕೆಲವರಿಗೆ ಶೂ ಒಳಗಿಡುವ ಹಿಮ್ಮಡಿ ಬಟ್ಟಲು, ಕೆಲವರಿಗೆ ಅಳತೆಗೆ ಮಾಡಿಸಿದ ಒಳಹಾಸು ಕೊಟ್ಟರು, ಒಂದು ಗುಂಪಿಗೆ ಏನೂ ಕೊಡಲಿಲ್ಲ. ಮೂರು ವರ್ಷ ಕಾದರು. ಎಲ್ಲ ಗುಂಪಿನ ಪಾದವೂ ಸುಧಾರಿಸಿತ್ತು, ಏನೂ ಹಾಕದವರದ್ದೂ ಅಷ್ಟೇ ಸುಧಾರಿಸಿತ್ತು. ಇದು ಬಂದದ್ದು 1989ರಲ್ಲಿ. ಒಳಹಾಸಿಗೆ ಒಂದು ಜಾಗ ಇದೆ, ಪಾದ ನಿಜಕ್ಕೂ ನೋಯುವ ಮಕ್ಕಳಿಗೆ ನೋವು ತಗ್ಗಿಸಲು ನಾವು ಕೊಡುತ್ತೇವೆ. ಕಮಾನು ಹುಟ್ಟಿಸಲು ಅಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಚಪ್ಪಟೆ ಪಾದ ಅಲ್ಲ, ಆ ಕಪ್ಪು ಶೂ.

ಮಗುವಿನ ಪಾದ ಎಷ್ಟು ಬೇಗ ಬೆಳೆಯುತ್ತದೆ ಅಂದರೆ, ಹೆಣ್ಣುಮಕ್ಕಳಿಗೆ ಒಂದು ವರ್ಷಕ್ಕೆ, ಗಂಡುಮಕ್ಕಳಿಗೆ ಒಂದೂವರೆ ವರ್ಷಕ್ಕೆ ದೊಡ್ಡವರಾದಾಗ ಇರುವ ಪಾದದ ಅರ್ಧ ಉದ್ದ ಬಂದಿರುತ್ತದೆ. ಮೂರು ವರ್ಷದವರೆಗೆ ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್. ಆಮೇಲೆ ತಿಂಗಳಿಗೆ ಒಂದು ಮಿಲಿಮೀಟರ್ ಲೆಕ್ಕ, ಮುಂದೆ ಇನ್ನೂ ನಿಧಾನ. ಹೆಣ್ಣುಮಕ್ಕಳ ಪಾದ ಹನ್ನೆರಡು, ಹದಿಮೂರಕ್ಕೆ, ಗಂಡುಮಕ್ಕಳದ್ದು ಹದಿನಾಲ್ಕು, ಹದಿನೈದಕ್ಕೆ ಹೆಚ್ಚುಕಡಿಮೆ ಪೂರ್ತಿ ಬೆಳೆದಿರುತ್ತದೆ, ಎತ್ತರ ನಿಲ್ಲುವುದಕ್ಕಿಂತ ಮೊದಲೇ. ಈಗ ನಿಮ್ಮ ಮಗನ ಲೆಕ್ಕ ಹಾಕಿ. ಮೇ ಕೊನೆಗೆ ಬೆರಳ ಮುಂದೆ ಒಂದು ಸೆಂಟಿಮೀಟರ್ ಬಿಟ್ಟು ಶೂ ಕೊಂಡರೆ, ದೀಪಾವಳಿಗೆ ಅರ್ಧ ಜಾಗ ಹೋಯಿತು. ಮಾರ್ಚ್‌ಗೆ ಏನೂ ಉಳಿಯುವುದಿಲ್ಲ. ಹಾಗಂತ ವರ್ಷವಿಡೀ ಬರಲಿ ಅಂತ ಎರಡು ನಂಬರ್ ದೊಡ್ಡದು ಕೊಂಡರೆ ಹಿಮ್ಮಡಿ ಒಳಗೆ ಜಾರುತ್ತದೆ, ಮಗು ಬೆರಳು ಮಡಚಿ ಶೂ ಹಿಡಿದುಕೊಂಡು ನಡೆಯುತ್ತದೆ, ಎಡವುತ್ತದೆ.

ಚಿಕ್ಕ ಮಕ್ಕಳು ಶೂ ಬಿಗಿಯಾಯಿತು ಅಂತ ಹೇಳುವುದಿಲ್ಲ. ಎಲುಬು ಮೆದು ಇರುವುದರಿಂದ ಪಾದ ಶೂವಿನ ಆಕಾರಕ್ಕೆ ಮಡಚಿಕೊಂಡು ಕೂರುತ್ತದೆ, ಅಷ್ಟಾಗಿ ನೋಯುವುದೂ ಇಲ್ಲ. ಇದನ್ನು ನಾನು ಮನೆಯಲ್ಲೇ ಕಂಡೆ. ನನ್ನ ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ಜನವರಿಯಲ್ಲಿ ಒಂದು ದಿನ ಅವಳ ಶೂ ತೊಳೆಯಲು ಒಳಹಾಸು ಹೊರಗೆ ಎಳೆದೆ. ಬೆವರಿಗೆ ಕಪ್ಪಾದ ಐದು ಬೆರಳಿನ ಗುರುತು ಮೂಡಿತ್ತು. ಹೆಬ್ಬೆರಳಿನ ಗುಂಡಿ ಒಳಹಾಸಿನ ಅಂಚು ದಾಟಿ ಹೊರಗೆ ಹೋಗಿತ್ತು. ಕಿರುಬೆರಳು ಪಕ್ಕದ ಬೆರಳಿನ ಕೆಳಗೆ ನುಗ್ಗಿತ್ತು. ಅವಳು ಒಂದು ದಿನವೂ ನೋವು ಅಂದಿರಲಿಲ್ಲ. ಆವತ್ತಿನಿಂದ ನಾನು ಯಾವ ಮಗು ಬಂದರೂ ಮೊದಲು ಶೂವಿನ ಒಳಹಾಸು ಎಳೆದು ನೋಡುತ್ತೇನೆ.

ನೀವೂ ಹಾಗೇ ಮಾಡಿ. ಒಳಹಾಸು ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ಮಗನನ್ನು ನಿಲ್ಲಿಸಿ, ಹಿಮ್ಮಡಿ ಹಿಂದಿನ ಅಂಚಿಗೆ ತಾಗಿರಲಿ. ಅತಿ ಉದ್ದದ ಬೆರಳಿನ ಮುಂದೆ ಹೊಸ ಶೂನಲ್ಲಿ ಸುಮಾರು 12 ಮಿಲಿಮೀಟರ್, ನಿಮ್ಮ ಹೆಬ್ಬೆರಳಿನ ಅಗಲದಷ್ಟು ಅಲ್ಲದಿದ್ದರೂ ಕಿರುಬೆರಳಿನ ಅಗಲದಷ್ಟಾದರೂ ಜಾಗ ಬೇಕು. ಅದು ಅರ್ಧಕ್ಕಿಂತ ಕಡಿಮೆಯಾದರೆ ಬದಲಿಸುವ ಹೊತ್ತು ಬಂತು. ಅಳೆಯುವುದು ಸಂಜೆ, ನಿಂತಾಗ, ಎರಡೂ ಪಾದ, ದೊಡ್ಡ ಪಾದಕ್ಕೆ ಶೂ. ಕೂತು ಅಳೆದರೆ ಚಪ್ಪಟೆ ಪಾದ ಗಿಡ್ಡ ಕಾಣುತ್ತದೆ. ಮುಂಭಾಗ ಅಗಲ ಇರಲಿ, ಮಕ್ಕಳ ಪಾದ ಹಿಂದೆ ಸಪೂರ, ಮುಂದೆ ಬೀಸಣಿಗೆ. ತಳ ಬೆರಳ ಬುಡದಲ್ಲಿ ಎರಡು ಬೆರಳಲ್ಲಿ ಒತ್ತಿದರೆ ಬಗ್ಗಬೇಕು, ನಡುವೆ ಮಡಚಬಾರದು. ಹಗುರ ಇರಬೇಕು, ಲೇಸೋ ಪಟ್ಟಿಯೋ ಇರಬೇಕು. ಅಣ್ಣನ ಹಳೆ ಶೂ ತಮ್ಮನಿಗೆ ಬೇಡ, ಅದು ಅಣ್ಣನ ಕಾಲಿಗೆ ಸವೆದ ಶೂ. ಅಂಗಿ ಚಡ್ಡಿ ಹಳೆಯದು ಹಾಕಿಸಿ, ಶೂ ಮಾತ್ರ ಬೇಡ. ಬೆಲೆ ಜಾಸ್ತಿ ಬೇಕಂತಿಲ್ಲ, ಎರಡು ಸಲ ಕೊಳ್ಳುವಷ್ಟು ಅಗ್ಗದ್ದು ಒಂದು ಸಲ ಕೊಳ್ಳುವ ದುಬಾರಿಗಿಂತ ಎಷ್ಟೋ ಮೇಲು.

ನಮ್ಮ ಕಡೆ ಶಾಲೆಯೂ ಮಳೆಯೂ ಒಟ್ಟಿಗೇ ಶುರುವಾಗುತ್ತವೆ. ಬೆಳಿಗ್ಗೆ ಗೇಟಿನಿಂದ ಕ್ಲಾಸಿಗೆ ಹೋಗುವಷ್ಟರಲ್ಲಿ ಶೂ, ಸಾಕ್ಸ್ ಒದ್ದೆ. ಆ ಒದ್ದೆಯಲ್ಲೇ ಆರು ತಾಸು. ಬೆರಳ ಸಂದಿ ಬೆಳ್ಳಗಾಗಿ ಸುಲಿಯುತ್ತದೆ, ವಾಸನೆ, ತುರಿಕೆ. ಟೀಚರ್ ಹತ್ತಿರ ಹೋಗಿ ನೇರವಾಗಿ ಕೇಳಿ, ಮಳೆಗಾಲ ಮುಗಿಯುವವರೆಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿಸಬಹುದಾ ಅಂತ. ನಾಲ್ಕೈದು ತಾಯಂದಿರು ಒಟ್ಟಿಗೆ ಹೋದರೆ ಕೇಳುತ್ತಾರೆ. ಆಗುವುದಿಲ್ಲ ಅಂದರೆ, ಕ್ಲಾಸಿನ ಒಳಗೆ ಶೂ ಬಿಚ್ಚಿಡಲು ಬಿಡಿ ಅಂತಾದರೂ ಕೇಳಿ, ಬ್ಯಾಗಿನಲ್ಲಿ ಒಂದು ಜೊತೆ ಒಣ ಸಾಕ್ಸ್, ಒರೆಸುವ ಬಟ್ಟೆ ಇಟ್ಟುಬಿಡಿ. ಮನೆಗೆ ಬಂದಕೂಡಲೇ ಶೂವಿನ ಒಳಗೆ ಪೇಪರ್ ತುರುಕಿ ಒಲೆಯ ಹತ್ತಿರದ ಬೆಚ್ಚನೆ ಜಾಗದಲ್ಲಿಡಿ.

ಚಿಕ್ಕವಳಿಗೆ ಶೂ ಬೇಡ. ಹಿಡಿದು ನಿಲ್ಲುವವಳು ಇನ್ನು ಸೋಫಾ, ಕುರ್ಚಿ ಹಿಡಿದು ಅಡ್ಡಡ್ಡ ನಡೆಯುತ್ತಾಳೆ, ಆಗ ಬೆರಳು ನೆಲ ಕಚ್ಚುವುದನ್ನು ನೋಡಿ. ಮಕ್ಕಳು ನಡೆಯುವುದು ಒಂಬತ್ತರಿಂದ ಹದಿನೆಂಟು ತಿಂಗಳ ನಡುವೆ ಯಾವಾಗ ಬೇಕಾದರೂ. ಮೊದಲು ಕಾಲು ಅಗಲಿಸಿ, ಕೈ ಮೇಲೆತ್ತಿ, ಪೂರ್ತಿ ಪಾದ ದಪ್ಪದಪ್ಪ ಊರಿ ನಡೆಯುತ್ತಾರೆ. ಹಿಮ್ಮಡಿ ಮೊದಲು ಊರುವುದು ಒಂದೂವರೆ, ಎರಡು ವರ್ಷದ ಹೊತ್ತಿಗೆ ಬರುತ್ತದೆ. ದೊಡ್ಡವರ ನಡಿಗೆ ಪೂರ್ತಿ ಬರಲು ಏಳು ವರ್ಷ. ಚಕ್ರದ ವಾಕರ್ ದಯವಿಟ್ಟು ತರಬೇಡಿ. ಅದರಲ್ಲಿ ಕೂತ ಮಗು ತನ್ನ ಭಾರ ತಾನು ಹೊರುವುದಿಲ್ಲ, ತುದಿಬೆರಳಲ್ಲಿ ತಳ್ಳಿಕೊಂಡು ಹೋಗುತ್ತದೆ, ಜಗಲಿಯ ಮೆಟ್ಟಿಲಿಂದ ವಾಕರ್ ಸಮೇತ ಬಿದ್ದ ಮಕ್ಕಳನ್ನು ನಾನು ನೋಡಿದ್ದೇನೆ. ಕೆನಡಾ ದೇಶದಲ್ಲಿ 2004ರಿಂದ ಅದನ್ನು ಮಾರುವಂತೆಯೇ ಇಲ್ಲ. ಹಿಂದೆ ನಿಂತು ತಳ್ಳುವ ಮರದ ಮೂರು ಚಕ್ರದ ಗಾಡಿ ಮನೆಯ ಅಟ್ಟದಲ್ಲಿ ಇದ್ದರೆ ಇಳಿಸಿ, ಅದು ಒಳ್ಳೆಯದು, ನೀವು ಹತ್ತಿರ ಇರಬೇಕು ಅಷ್ಟೇ.

ಡಾಕ್ಟರಿಗೆ ಯಾವಾಗ ತೋರಿಸಬೇಕು? ತುದಿಗಾಲಲ್ಲಿ ನಿಂತರೂ ಬಾಗು ಏಳದಿದ್ದರೆ. ಒಂದೇ ಪಾದ ಚಪ್ಪಟೆಯಾಗಿದ್ದರೆ. ಹಗಲು ಆಟ ಬಿಟ್ಟು ಕೂರುವಷ್ಟು ನೋವಿದ್ದರೆ. ಮೂರು ವರ್ಷ ದಾಟಿದ ಮೇಲೂ ಯಾವಾಗಲೂ ತುದಿಗಾಲಲ್ಲೇ ನಡೆದರೆ. ಹದಿನೆಂಟು ತಿಂಗಳಾದರೂ ನಡೆಯದಿದ್ದರೆ. ಪಾದದ ಕಮಾನು ಬರಬರುತ್ತಾ ಅತಿಯಾಗಿ ಏರುತ್ತಿದ್ದರೂ ತೋರಿಸಿ, ಅದು ನರದ ತೊಂದರೆ ಇರಬಹುದು. ಗಂಡುಮಕ್ಕಳ ಬಗ್ಗೆ ಒಂದು ಗುರುತು ತಪ್ಪದೆ ನೋಡಿ. ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೆ ಕೈಯೂರಿ, ಮೈಮೇಲೇ ಹತ್ತಿದ ಹಾಗೆ ಎದ್ದರೆ, ಮೀನಖಂಡ ಉಬ್ಬಿ ಗಟ್ಟಿಯಾಗಿದ್ದರೆ, ಮೆಟ್ಟಿಲು ಹತ್ತಲು ಒದ್ದಾಡಿದರೆ ಒಂದು ವಾರವೂ ತಡ ಮಾಡಬೇಡಿ, ಅದು ಸ್ನಾಯುವಿನ ಕಾಯಿಲೆಯ ಲಕ್ಷಣ ಆಗಿರಬಹುದು. ಹುಟ್ಟಿನಿಂದಲೇ ಪಾದ ಒಳಕ್ಕೆ ತಿರುಚಿ ಗಟ್ಟಿಯಾಗಿರುವುದು, ನಾವು ಕ್ಲಬ್ ಫುಟ್ ಅನ್ನುವುದು, ಪೂರ್ತಿ ಬೇರೆ ವಿಷಯ. ಅದಕ್ಕೆ ಮೊದಲ ವಾರಗಳಲ್ಲೇ ಪಾದವನ್ನು ಸ್ವಲ್ಪ ಸ್ವಲ್ಪವೇ ತಿದ್ದುತ್ತಾ ಹಾಕುವ ಪೊನ್ಸೆಟಿ ವಿಧಾನದ ಪ್ಲಾಸ್ಟರ್ ಶುರು ಮಾಡಬೇಕು, ಚೆನ್ನಾಗಿ ಗುಣವಾಗುತ್ತದೆ. ನಿಮ್ಮ ಊರಲ್ಲಿ ಅಂಥ ಮಗು ಹುಟ್ಟಿದರೆ ಆಶಾ ಕಾರ್ಯಕರ್ತೆಗೆ ಹೇಳಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದರ ಚಿಕಿತ್ಸೆ ಸೇರಿದೆ.

ಬಲೂನು ಪರೀಕ್ಷೆ ಮಾಡಿ ನೋಡಿ. ಬಾಗು ಎದ್ದರೆ ಆರು ತಿಂಗಳಿಗೊಮ್ಮೆ ಮತ್ತೆ ನೋಡಿದರೆ ಸಾಕು. ಏಳದಿದ್ದರೆ ಹತ್ತಿರದ ಮಕ್ಕಳ ಡಾಕ್ಟರಿಗೋ ಎಲುಬಿನ ಡಾಕ್ಟರಿಗೋ ತೋರಿಸಿ, ಹೋಗುವಾಗ ಅವನು ದಿನಾ ಹಾಕುವ ಹಳೆ ಚಪ್ಪಲಿಯನ್ನೂ ತೊಳೆಯದೆ ತೆಗೆದುಕೊಂಡು ಹೋಗಿ. ತಳ ಯಾವ ಬದಿಗೆ ಸವೆದಿದೆ ಅನ್ನುವುದು ಅವರಿಗೆ ತುಂಬ ಹೇಳುತ್ತದೆ.